ಭಾವನ ಎರಡು ಬೆರಳು

ಕನ್ನಡಕದಂಗಡಿಯ ಭಾವ ಗಿಟಾರ್ ಹಿಡಿದರೆ ಸ್ವರಗಳಿಗೆ ಬರವೆಂಬುದೇ ಇರಲಿಲ್ಲ. ಪ್ರತಿ ಭಾನುವಾರ ಮಧ್ಯಾಹ್ನ ಹೋಟೆಲಿನ ಕಾಫಿ ಹಾಲ್‌ನಲ್ಲಿ ಅವನದೂ ಹೆಂಡತಿಯ ತಮ್ಮನದೂ ಜಾಝ್ ಜೋಡಿವಾದನ. ಲಿಫ್ಟ್ ರಿಪೇರಿ ಮಾಡುವ ಮೈದುನನದು ಪಿಟೀಲಿನ ಆಕಾರದ, ಆಳೆತ್ತರದ ಬೇಸ್. ಒಂಬತ್ತು ವರ್ಷದಿಂದ ಭಾವ ಉಸಿರು ಬಿಡದೆ ನುಡಿಸುತ್ತಿದ್ದ, ಮೈದುನ ಹಿಂದಿನಿಂದ ಧುಂ ಧುಂ ಎನ್ನುತ್ತಿದ್ದ. ಅಕ್ಕನ ಗಂಡನಿಗೆ ಎದುರಾಡುವುದು ಹೇಗೆ?

"ನಿಂದೇನಪ್ಪ, ನಾಲ್ಕು ತಂತಿ ಎಳೆಯೋದು. ಹೊರೋದೇ ಕಷ್ಟ, ನುಡಿಸೋದಲ್ಲ," ಎನ್ನುತ್ತಿದ್ದ ಭಾವ.

ಹಾಗೆಂದವನು ಹೊರಲು ಎಂದೂ ಕೈಹಚ್ಚಿದವನಲ್ಲ. ಒಂದು ಭಾನುವಾರ ಅದೇನು ಬುದ್ಧಿ ಬಂತೋ, ಬೇಸನ್ನು ವ್ಯಾನಿಗೆ ಏರಿಸಲು ಹೋದ. ಬಾಗಿಲು ದಡಾರನೆ ಮುಚ್ಚಿ ಎಡಗೈಯ ಉಂಗುರಬೆರಳು, ಕಿರುಬೆರಳು ಜಜ್ಜಿಹೋದವು. ಡಾಕ್ಟರು ಎರಡನ್ನೂ ಸೇರಿಸಿ ಪಟ್ಟಿ ಸುತ್ತಿ, ಆರು ವಾರ ಅಲ್ಲಾಡಿಸಕೂಡದು ಎಂದರು.

ಒಂದು ವಾರ ತಪ್ಪಿಸಿದರೆ ಆ ಜಾಗಕ್ಕೆ ಬೇರೆಯವರು ಬಂದು ಕೂರುತ್ತಾರೆಂಬ ಭಯ ಭಾವನಿಗೆ. ತಂತಿ ಒತ್ತಲು ಉಳಿದ ಎರಡೇ ಬೆರಳು ನಂಬಿ ಕೂತ. ಓಡುವ ಕಡೆಯೆಲ್ಲ ಕುಂಟಿದ. ಮೂರು ಸ್ವರ ನುಡಿಸಿ, ನಾಲ್ಕನೆಯದಕ್ಕೆ ತಡಕಾಡುತ್ತ ನಿಂತ. ಆ ಬಿಡುವಿನಲ್ಲಿ ಬೇಸ್ ಮೊದಲ ಸಲ ಬಾಯಿಬಿಟ್ಟಿತು. ಹಾಲ್‌ನಲ್ಲಿ ಹರಟುತ್ತಿದ್ದವರು ಮಾತು ನಿಲ್ಲಿಸಿ ತಿರುಗಿ ನೋಡಿದರು. ಮೂರನೇ ವಾರ ಪತ್ರಿಕೆಯವನೊಬ್ಬ ಬರೆದ: "ಬೇಡದ್ದನ್ನು ಬಿಡುವ ವಿವೇಕ ಈ ಗಿಟಾರಿಗೆ ಕೊನೆಗೂ ದಕ್ಕಿದೆ."

ಭಾವ ಅದನ್ನು ಕತ್ತರಿಸಿ ಅಂಗಡಿಯ ಕನ್ನಡಿಗೆ ಅಂಟಿಸಿದ. ಗಿರಾಕಿಗಳಿಗೆ ಉಪದೇಶ ಶುರುವಾಯಿತು. "ಸಂಯಮ ಸುಮ್ನೆ ಬರಲ್ಲ ಸಾರ್, ಸಾಧನೆ ಬೇಕು."

"ವ್ಯಾನಿನ ಬಾಗಿಲೂ ಬೇಕು," ಎಂದಳು ಹೆಂಡತಿ, ಫ್ರೇಮ್ ಒರೆಸುತ್ತ.

ಏಳನೇ ವಾರ ಪಟ್ಟಿ ಬಿಚ್ಚುವ ದಿನ ಮೈದುನ ಮೆತ್ತಗೆ ಹೇಳಿದ: "ಇನ್ನೊಂದು ತಿಂಗಳು ಇರ್ಲಿ ಬಿಡಿ, ಭಾವ."

"ಯಾಕೋ? ವಾಸಿಯಾಗಿದೆಯಲ್ಲ!"

"ಅದಕ್ಕೇ ಹೇಳಿದ್ದು."

ಭಾವ ಕೇಳುತ್ತಾನೆಯೇ? ಆರು ವಾರ ಕಟ್ಟಿಹಾಕಿದ್ದ ಸ್ವರಗಳೆಲ್ಲ ಒಂದೇ ಮಧ್ಯಾಹ್ನ ಧೋ ಎಂದು ಸುರಿದವು. ಮುಗಿಸಿ ಬೆವರು ಒರೆಸಿಕೊಳ್ಳುವಾಗ ಮ್ಯಾನೇಜರ್ ಹತ್ತಿರ ಬಂದು, ಕನಿಕರದಿಂದ ಅವನ ಕೈ ನೋಡಿದ.

"ಇನ್ನೂ ನೋವಿದೆ ಅನ್ಸುತ್ತೆ ಸಾರ್. ಒಂದೆರಡು ವಾರ ರೆಸ್ಟ್ ತಗೊಳ್ಳಿ. ಅಲ್ಲೀವರೆಗೂ ಬೇಸ್ ಒಂದೇ ಸಾಕು."

ಭಾವನ ಮುಖ ಇಷ್ಟಗಲವಾಯಿತು ಎಂದರೆ ಸುಳ್ಳು. ವ್ಯಾನಿನಲ್ಲಿ ಮನೆಯ ದಾರಿ ಹಿಡಿದರು. ಅರ್ಧ ದಾರಿಯಲ್ಲಿ ಭಾವ, "ಯಾವ್ಯಾವುದನ್ನ ಬಿಡ್ಬೇಕು, ಹೇಳೋ," ಎಂದ.

ಮೈದುನ ಗಾಡಿ ಪಕ್ಕಕ್ಕೆ ನಿಲ್ಲಿಸಿದ. ಹೇಳುವುದು ಬಹಳವಿತ್ತು.

ಎರಡು ವಾರ ಬಿಟ್ಟು ಇಬ್ಬರೂ ಮತ್ತೆ ಕೂಡಿ ಕೂತರು. ಭಾವ ವಾಸಿಯಾದ ಬೆರಳೆರಡನ್ನೂ ಹಟಹಿಡಿದು ಮಡಚಿಕೊಂಡು, ಎಣಿಸಿದಂತೆ ಮೂರೇ ಸ್ವರ ನುಡಿಸಿ ಮೈದುನನಿಗೆ ಜಾಗ ಬಿಟ್ಟ. ಒಬ್ಬನೇ ನುಡಿಸಿ ರುಚಿ ಹತ್ತಿದ್ದ ಮೈದುನ ಕಣ್ಣುಮುಚ್ಚಿ ಶುರುಮಾಡಿದವನು ನಿಲ್ಲಿಸುವ ಲಕ್ಷಣವೇ ಕಾಣಲಿಲ್ಲ. ಭಾವ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಕಾಫಿ ತರಿಸಿ ಕುಡಿದ. ಅದು ಮುಗಿದ ಮೇಲೆ ಇನ್ನೊಂದು ಹೇಳಿದ.