ಹೂವಪ್ಪನ ಹೊಟ್ಟೆ

“ನೋಡಿ ಸಾಹೇಬ್ರೇ, ಉಪವಾಸ ಸಾಯ್ತಿದೀವಿ ಅಂತ ಅರ್ಜಿ ಬರೆಸಿದ ಸೂಳೇಮಕ್ಕಳ ಹೊಟ್ಟೆ!” ಎನ್ನುತ್ತ ಜಮೀನಿನ ಒಡೆಯ ಉಮಾಮಹೇಶ್ವರಯ್ಯನವರು ಬೆತ್ತದ ತುದಿಯಿಂದ ಹೂವಪ್ಪನ ಅಂಗಿ ಎತ್ತಿದರು.

ಏಳು ವರ್ಷದ ಹುಡುಗ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗುಡಾಣ. ಗೇಣಿ ತಕರಾರು ವಿಚಾರಿಸಲು ಸಾಗರದಿಂದ ಬಂದಿದ್ದ ಸಾಹೇಬರು ತಲೆದೂಗಿದರು. ಸರ್ಕಾರಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

“ಅದು ಜ್ವರಗಡ್ಡೆ ಒಡೇರೇ, ಅನ್ನ ಅಲ್ಲ,” ಎಂದಳು ತಾಯಿ ಗುತ್ಯಮ್ಮ.

“ಬಾಯ್ಮುಚ್ಚೇ ರಂಡೆ!”

ಅಷ್ಟರಲ್ಲಿ ಹುಡುಗ ಬಗ್ಗಿ ಕೆಂಪಗೆ ಕಾರಿದ.

“ಓಹೋ, ಕವಳ ಬೇರೆ! ಗೇಣಿಗೆ ಗತಿ ಇಲ್ಲ, ಮಕ್ಕಳಿಗೂ ಎಲೆಯಡಿಕೆ!” ಒಡೆಯರು ನಕ್ಕರು. ಸಾಹೇಬರೂ ನಕ್ಕರು. ಎರಡನೇ ಸಲ ಬಂದದ್ದು ಗಟ್ಟಿಗಟ್ಟಿ ಕರಿನೆತ್ತರು. ಆಗ ನಗು ನಿಂತಿತು.

ಗುತ್ಯಮ್ಮ ಮಗನನ್ನು ಅವುಚಿಕೊಂಡು ಸೀದಾ ಸಾಹೇಬರ ಜೀಪು ಹತ್ತಿ ಕೂತಳು.

“ಸರ್ಕಾರಿ ಗಾಡಿ ಕಣಮ್ಮ, ಇಳಿ.”

“ಇಳಿಯಾಕಿಲ್ಲ ಸ್ವಾಮಿ. ಎಳ್ದು ಹಾಕ್ರಿ ನೋಡಾನ.”

ನೆತ್ತರಲ್ಲಿ ತೊಯ್ದವಳನ್ನು ಮುಟ್ಟಿ ಎಳೆಯುವವರು ಯಾರು? ಜೀಪು ಹೊರಟಿತು. ದಾರಿಯಲ್ಲಿ ಇವಳು ಸಾಹೇಬರ ಕಿವಿಗೆ ಗೇಣಿಯ ಮಾತು ಊದಿಯಾಳೆಂದು ಒಡೆಯರೂ ಹತ್ತಿದರು. ಎಂಥ ಕರುಣೆ!

“ಲಿವರಿಗೆ ಹೋಗೋ ರಕ್ತನಾಳ ಕಟ್ಟಿದೆ. ಅದಕ್ಕೇ ಹೊಟ್ಟೇಲಿ ಗಡ್ಡೆ ಊದಿದೆ, ಅನ್ನನಾಳದ ನರ ಉಬ್ಬಿ ಒಡೆದಿದೆ,” ಎಂದರು ಆಸ್ಪತ್ರೆಯ ಡಾಕ್ಟರು. ಹುಡುಗನ ಮೂಗಿನಿಂದ ರಬ್ಬರ್ ನಳಿಗೆ ಇಳಿಸಿ, ಅದರ ತುದಿಯ ಬಲೂನಿಗೆ ಗಾಳಿ ತುಂಬಿ, ಒಡೆದ ನರವನ್ನು ಒತ್ತಿಟ್ಟರು. ಹೋದ ರಕ್ತ ತುಂಬದಿದ್ದರೆ ಹುಡುಗ ಉಳಿಯುವುದಿಲ್ಲ ಎಂದರು. ಗುತ್ಯಮ್ಮನಿಂದ ಒಂದು ಬಾಟ್ಲಿ ತೆಗೆದರು. ಸಾಲಲಿಲ್ಲ. ಸಾಹೇಬರ ರಕ್ತದ ಗುಂಪು ಹೊಂದಲಿಲ್ಲ; ಅವರು ಗೋಡೆಯ ದೇವರಪಟಕ್ಕೆ ಕೈಮುಗಿದರು. ಉಳಿದವರು ಒಡೆಯರೊಬ್ಬರೇ.

“ನಾಳೆ ಅಪ್ಪಯ್ಯನ ತಿಥಿ ಡಾಕ್ಟ್ರೇ, ಮೈಲಿಗೆ ಆಗ್ಬಾರ್ದು,” ಎನ್ನುತ್ತ ಒಡೆಯರು ಬಾಗಿಲತ್ತ ಸರಿದರು.

ಹುಟ್ಟಿದಾಗಿನಿಂದ ಅವರ ಜಗಲಿಯ ಕೆಳಗೇ ನಿಂತವಳು ಗುತ್ಯಮ್ಮ. ತೂರಾಡುತ್ತ ಎದ್ದು ಬಂದಳು. ಅವರ ಮುಂಗೈ ಗಬಕ್ಕನೆ ಹಿಡಿದು ಮೇಜಿಗೆ ಒತ್ತಿದಳು. ಒಡೆಯರು ಕೊಸರಿದರು; ಅವಳು ಬಿಡಲಿಲ್ಲ.

“ಚುಚ್ರಿ ಡಾಕ್ಟ್ರೇ. ಇವ್ರ ಮೈಯಾಗಿರಾದೆಲ್ಲ ನಮ್ ನೆತ್ರೇ. ಹೊಂದ್ದೆ ಎಲ್ಲಿಗ್ ಹೋಗ್ತದೆ?”