ಎರಡನೆಯ ಗುಬ್ಬಿ

ಇದನ್ನು ಹೇಳಹೊರಟದ್ದೇ ಅಧಿಕಪ್ರಸಂಗ, ದೊಡ್ಡವರು ಮನ್ನಿಸಬೇಕು, ನಡೆದದ್ದೆಲ್ಲ ಒಬ್ಬಳ ತಲೆಯೊಳಗೆ — ಆಫೀಸಿನ ಫ್ಯಾನು ಟಕ್, ಟಕ್, ಮೂರನೆಯ ಟಕ್ಕನ್ನು ನುಂಗುತ್ತಿದೆ, ಅಪ್ಪನ ಬೆರಳಿನ ಹಾಗೆ, ಬೇಡ, ಅತ್ತ ನೋಡಬೇಡ, ಊಟದ ಹೊತ್ತಿಗೆ ನಿಯಮ ಒಪ್ಪಿಸಬೇಕು, ಸ್ವರಗಳನ್ನು ಟೈಪು ಮಾಡಿದರೆ ಸ್ವರಲಿಪಿಯಾಗಿ ಅಚ್ಚಾಗುವ ಕಂಪ್ಯೂಟರ್ ಭಾಷೆಯದು, ಒಂದು ಧಾಟಿಗೆ ಹೆಸರಿಟ್ಟುಬಿಟ್ಟರೆ ಆಮೇಲೆ ಹೆಸರು ಬರೆದರೆ ಸಾಕು, ಇಡೀ ಧಾಟಿ ಓಡಿ ಬರುತ್ತದೆ, ಹೆಸರು ಹೇಗಿರಬೇಕೆಂದು ಗೊತ್ತುಮಾಡುವುದು ಅವಳ ಪಾಲಿನ ಕೆಲಸ, ಸಂಜೆ ಕಾಲೇಜಿನಲ್ಲಿ ತೂಕಡಿಸುತ್ತ ಓದಿದವಳ ಪಾಲಿಗೆ, ತಪ್ಪಿದರೆ? ಹೆಸರು ಅಕ್ಷರದಿಂದಲೇ ಶುರುವಾಗಬೇಕು, ಸರಿ, ನಡುವೆ ಜಾಗ ಬಿಡಬಾರದು, ಸರಿ, ಒಂದೇ ಹೆಸರನ್ನು ಎರಡು ಸಲ ಇಟ್ಟರೆ? ಅಲ್ಲಿಗೆ ಬಂದು ಕೈ ನಿಂತಿದೆ, ಹಳೇದರ ಮೇಲೆ ಹೊಸದು ಕೂತ್ಕೊಳ್ಳಲಿ ಬಿಡಮ್ಮ, ಹಳೇದು ಅಳಿಸಿಹೋಗುತ್ತೆ, ಯಾರಪ್ಪನ ಗಂಟು ಹೋಗುತ್ತೆ, ಎಂದು ಮೇಲಧಿಕಾರಿ ನಕ್ಕಿದ್ದರು.

ಯಾರಪ್ಪನದು, ಅವಳಪ್ಪನದೇ — ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದ ಅಪ್ಪ, ಪಾರ್ಶ್ವವಾಯು ಹೊಡೆದು ಮಾತು ಹೆಚ್ಚುಕಡಿಮೆ ಎಲ್ಲ ಉದುರಿ ಧಾಟಿಯಷ್ಟೇ ಉಳಿದ ಅಪ್ಪ, ಗುನುಗುತ್ತಾರೆ, ಮೂರು ಬೆರಳು ಹಾಸಿಗೆಯ ಮೇಲೆ ಇಲ್ಲದ ಟ್ರಂಪೆಟ್ಟಿನ ಗುಂಡಿ ಒತ್ತುತ್ತವೆ, ಮೂರನೆಯದು ಒತ್ತಿದರೆ ಮೇಲೇಳುವುದು ತಡ, ಪಕ್ಕದಲ್ಲಿ ಕೂತು ಅವಳು ಅದೇ ಭಾಷೆಯಲ್ಲಿ ಟೈಪು ಮಾಡುತ್ತಾಳೆ, ಇದಕ್ಕೇನು ಹೆಸರಿಡೋಣಪ್ಪ? ಗುಬ್ಬಿ. ಚಿಕ್ಕಂದಿನಿಂದ ಅವಳನ್ನು ಕರೆಯುತ್ತಿದ್ದ ಹೆಸರು, ನಿನ್ನೆ ಬೇರೆ ಧಾಟಿ, ಕುಂಟುತ್ತ ಇಳಿಯುವಂಥದ್ದು, ಇದಕ್ಕೇನಪ್ಪ ಹೆಸರು? ಗುಬ್ಬಿ. ಮೊನ್ನೇದೂ ಗುಬ್ಬೀನೇ ಅಲ್ವಾ, ಎರಡೆರಡು ಗುಬ್ಬೀನಾ? ಅಡುಗೆಮನೆಯಿಂದ ಅಮ್ಮ, ಒಂದನ್ನ ಸಾಕಿ ಸುಸ್ತಾಗಿದೀನಿ ಮಾರಾಯ್ತಿ, ಮೂವರೂ ನಕ್ಕರು, ಅಪ್ಪನ ನಗು ತುಟಿಯ ಒಂದೇ ಕಡೆ — ಹಳೆಯದನ್ನು ಅಳಿಸಿದರೆ ಮೊದಲ ಗುಬ್ಬಿ ಸತ್ತಂತೆ, ಎರಡನೆಯದನ್ನು ಒಲ್ಲೆನೆಂದರೆ ಅಪ್ಪನ ಬಳಿ ಬೇರೆ ಹೆಸರೇ ಇಲ್ಲ, ಇಲ್ಲವೆ? ಇರಲಿಕ್ಕಿಲ್ಲ, ಅದನ್ನು ಯೋಚಿಸಬಾರದು, ಫೋನು ಗುರ್ ಅಂದಿತು, ಅಮ್ಮ, ಲೇ, ಬೇಜಾರು ಮಾಡ್ಕೋಬೇಡ, ನರ್ಸಮ್ಮ ಬಂದಿದ್ರು, ನಿಮ್ಮಪ್ಪ ಅವರನ್ನೂ ಗುಬ್ಬಿ ಅಂದ್ರು, ದಿಂಬು ತೋರಿಸಿದ್ರೆ ಅದನ್ನೂ ಗುಬ್ಬಿ ಅಂದ್ರು. ಹಾಗಂದ್ರೇನಮ್ಮ? ನಂಗೇನೇ ಗೊತ್ತು, ನೀನು ಓದಿದೋಳು.

ಓದಿದವಳು ಫೋನು ಕವುಚಿಡುತ್ತಾಳೆ, ಟಕ್, ಟಕ್, ಬಾಗಿಲಲ್ಲಿ ಮೇಲಧಿಕಾರಿ, ಏನಮ್ಮ, ಆಯ್ತಾ? ಆಯ್ತು ಸಾರ್, ಹಳೇದನ್ನ ಅಳಿಸೋದು ಬೇಡ, ಎರಡನ್ನೂ ಇಟ್ಕೊಂಡು ಯಾವುದು ಅಂತ ಕೇಳಬೇಕು, ತನ್ನದೇ ದನಿ ಎಷ್ಟು ಸಣ್ಣಗಿದೆ. ಯಾರನ್ನ ಕೇಳೋದು? ಹೆಸರಿಟ್ಟವರನ್ನ. ಅವರಿಗೇ ಗೊತ್ತಿಲ್ದಿದ್ರೆ? ತಮಾಷೆಗೆ ಅಂದರು, ನಕ್ಕು ಆಚೆ ನಡೆದರು, ಅವಳು ನಿಯಮವನ್ನು ಹಾಗೆಯೇ ಬರೆದಿಟ್ಟಳು, ಸಂಜೆ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಿಗೆ ಅಪ್ಪ ಕತ್ತು ಹೊರಳಿಸುತ್ತಾರೆ, ಗುಬ್ಬಿ ಅನ್ನುತ್ತಾರೆ, ಅದು ಅವಳೋ, ನರ್ಸೋ, ದಿಂಬೋ, ಮೊದಲನೆಯ ಧಾಟಿಯ ದಿನವಾದರೂ ಅವಳೇ ಆಗಿದ್ದಳೋ, ಅವಳಿಗೆ ಗೊತ್ತಿಲ್ಲ, ಕೇಳಿದರೆ ಅಪ್ಪ ಏನನ್ನುತ್ತಾರೆಂಬುದಷ್ಟೇ ಗೊತ್ತು — ಹಾಸಿಗೆ, ಮೂರು ಬೆರಳು, ಒಂದು ಎದ್ದಿತು, ಎರಡು ಎದ್ದಿತು, ಮೂರನೆಯದು ಒತ್ತಿಕೊಂಡೇ ಇದೆ, ಏಳುತ್ತಿಲ್ಲ