ಕಾಲು ಉಳಿಸಿದ ಅಸ್ಫಹಾ

ಅಸ್ಫಹಾ ನಡೆಯುತ್ತಿರಲಿಲ್ಲ. ಅವರ ಕಾಲಿಗೆ ಏನೂ ಆಗಿರಲಿಲ್ಲ; ಅರವತ್ತೇಳನೆಯ ವಯಸ್ಸಿನಲ್ಲೂ ಸೈಕಲ್ ಏರಿದರೆಂದರೆ ಬೆಟ್ಟದ ಕೆಳಗಿನ ನೆಫಾಸಿತ್‌ನಿಂದ ನಮ್ಮ ಊರು ಅಸ್ಮರಾದವರೆಗೆ ಮಂಜಿನೊಳಗೆ ಸುತ್ತಿ ಸುತ್ತಿ ಏರುವ ದಾರಿಯನ್ನು ಒಮ್ಮೆಯೂ ಕಾಲು ನೆಲಕ್ಕೂರದೆ ಮುಗಿಸುತ್ತಿದ್ದರು. ಆದರೆ ಅವರ ಬಾಗಿಲಿನಿಂದ ರೊಟ್ಟಿ ಅಂಗಡಿಗೆ ಇದ್ದದ್ದು ಅರವತ್ತೆರಡು ಹೆಜ್ಜೆ; ನಾನು ಎದುರುಮನೆಯವನು, ಎಣಿಸಿದ್ದೇನೆ. ಆ ಅರವತ್ತೆರಡು ಹೆಜ್ಜೆಗೂ ಅವರು ಸೈಕಲ್ಲನ್ನು ಗೋಡೆಯ ಕೊಕ್ಕೆಯಿಂದ ಇಳಿಸಿ, ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಏರಿ, ಹೋಗಿ, ಸೀಟಿನ ಮೇಲೆ ಕೂತಲ್ಲೇ ಅಂಗಡಿಯವಳ ಕೈಯಿಂದ ರೊಟ್ಟಿ ಪಡೆದು ಹಿಂದಿರುಗುತ್ತಿದ್ದರು.

ಅನಿವಾರ್ಯವಾಗಿ ನಡೆಯಬೇಕಾಗಿ ಬಂದಾಗ ಅವರ ನಡಿಗೆ ಯಾರಿಂದಲೋ ಎರವಲು ತಂದ ಕಾಲುಗಳ ಮೇಲೆ ನಡೆಯುವವನ ನಡಿಗೆಯಂತಿರುತ್ತಿತ್ತು: ಪಾದಗಳು ಹೊರಕ್ಕೆ ತಿರುಗಿ, ಮಂಡಿ ಅರೆಬಾಗಿ, ಪೆಡಲಿಗೆ ಸಿಕ್ಕಿಸಲು ಬೂಟಿನ ಅಡಿ ಹಾಕಿದ ಲೋಹದ ಪಟ್ಟಿ ಕಲ್ಲುಹಾಸಿನ ಮೇಲೆ ಟಕ್ ಟಕ್ ಎಂದು ಸದ್ದು ಮಾಡುತ್ತಾ. ಮೈಮೇಲೆ ವರ್ಷದ ಹನ್ನೆರಡು ತಿಂಗಳೂ ಒಂದೇ ಬೂದುಬಣ್ಣದ ಉಣ್ಣೆಯ ಕೋಟು. ಸವಾರರ ಬೆನ್ನಿಗೆ ರೇಸಿನ ನಂಬರು ಚುಚ್ಚಲು ಬೇಕಾಗುವ ಸೇಫ್ಟಿ ಪಿನ್ನುಗಳು ಅದರ ಎಡ ಮಡಿಕೆಯ ಮೇಲೆ ಸಾಲಾಗಿ, ನಿವೃತ್ತ ಸೇನಾಪತಿಯ ಪದಕಗಳ ಹಾಗೆ. ಯಾರೇ ಎದುರಾಗಲಿ, ಕ್ಷೇಮ ವಿಚಾರಿಸುವ ಮೊದಲು ಅವರ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು: “ಕೂತ್ಕೋ. ಕಾಲು ಉಳಿಸು.” ಮದುವೆಯ ಮನೆಯಲ್ಲೂ ಅದೇ, ಸಾವಿನ ಮನೆಯಲ್ಲೂ ಅದೇ.

ಬೆಳಿಗ್ಗೆ ಕಾಫಿ ಬಾರಿನಲ್ಲಿ ಅವರ ಕಾಲದ ಹಳೆಯ ಸವಾರರು ಕೂಡುತ್ತಿದ್ದರು. ಅವರಿಗೆಲ್ಲ ಅಸ್ಫಹಾ ಎಂದರೆ ಸಕ್ಕರೆಯಷ್ಟೇ ಖಾಯಂ ಸರಕು. “ಸ್ವರ್ಗದ ಬಾಗಿಲಿಗೆ ಮೆಟ್ಟಿಲಿದ್ರೆ ಏನ್ ಮಾಡ್ತೀಯೋ?” ಎಂದು ಒಬ್ಬರು ಕೆಣಕಿದಾಗ ಅಸ್ಫಹಾ ಲೋಟದಿಂದ ತಲೆ ಎತ್ತದೆ ಹೇಳಿದರು: “ಕೆಳಗೇ ಕೂತಿರ್ತೀನಿ. ಕೆಲಸ ಇದ್ದೋರು ಇಳಿದು ಬರ್ತಾರೆ.” ಅದು ಬರಿಯ ಮಾತಾಗಿರಲಿಲ್ಲ. ಒಮ್ಮೆ ಕ್ರೀಡಾ ಕಚೇರಿಯ ಲಿಫ್ಟು ಕೆಟ್ಟಿತ್ತು. ಮೂರನೆಯ ಮಹಡಿಯ ಸಭೆಗೆ ಹೋಗಬೇಕಾದ ಅಸ್ಫಹಾ ಕೆಳಗಿನ ಮೆಟ್ಟಿಲ ಮೇಲೆ ಎರಡು ಗಂಟೆ ಕಾಲ ಅಲುಗದೆ ಕೂತರು. ಕಡೆಗೆ ಕಾರ್ಯದರ್ಶಿಯೇ ಕಾಗದಗಳನ್ನು ಹಿಡಿದು ಕೆಳಗಿಳಿದು ಬಂದು, ಅಲ್ಲೇ ಸಹಿ ಹಾಕಿಸಿಕೊಂಡು, ಏದುಸಿರು ಬಿಡುತ್ತಾ ಮತ್ತೆ ಹತ್ತಿದ.

ನಗುವುದಕ್ಕೆ ಇಷ್ಟು ಸಾಕು. ಆದರೆ ಅಸ್ಫಹಾ ಮೂವತ್ತೊಂದು ವರ್ಷ ಸವಾರರಿಗೆ ತರಬೇತಿ ಕೊಟ್ಟವರು, ಅವರ ಹಟ ಅವರೊಬ್ಬರ ಮನೆಯೊಳಗೇ ಉಳಿಯುವಂಥದ್ದಾಗಿರಲಿಲ್ಲ. ಅವರ ತಂಡದವರು ಮಹಡಿಯ ಮನೆಯಲ್ಲಿ ಬಾಡಿಗೆಗಿರುವಂತಿಲ್ಲ. ಕಾಲ್ಚೆಂಡು ಆಡುವಂತಿಲ್ಲ, ಓಡುವಂತಿಲ್ಲ, ಈಜುವಂತಿಲ್ಲ, ಭಾರ ಎತ್ತುವಂತಿಲ್ಲ. ಮದುವೆಗಳಲ್ಲಿ ಇಡೀ ಊರು ಡೋಲಿನ ಸುತ್ತ ಹೆಗಲು ಕುಣಿಸಿ, ನೆಲಕ್ಕೆ ಹೆಜ್ಜೆ ಬಡಿದು ಸುತ್ತುತ್ತಿದ್ದಾಗ ಅಸ್ಫಹಾನವರ ಹುಡುಗ ಹುಡುಗಿಯರು ಗೋಡೆಯ ಬದಿಯ ಬೆಂಚಿನ ಮೇಲೆ ಸೂತಕದವರ ಹಾಗೆ ಸಾಲಾಗಿ ಕೂತಿರುತ್ತಿದ್ದರು. ಇಗರ್ಜಿಯಲ್ಲಿ ಮೂರು ನಾಲ್ಕು ತಾಸು ಊರುಗೋಲಿಗೆ ಒರಗಿ ನಿಂತು ಪ್ರಾರ್ಥಿಸುವುದು ನಮ್ಮಲ್ಲಿ ಎಲ್ಲರ ರೂಢಿ. ಅಸ್ಫಹಾನವರ ಸವಾರರು ಆವರಣದ ಹೊರಗಿನ ಕಲ್ಲುಕಟ್ಟೆಯ ಮೇಲೆ ಕೂತೇ ಕೇಳುತ್ತಿದ್ದರು. ಶುಭ ಶುಕ್ರವಾರದಂದು ಮಂಡಿಯೂರಿ, ಹಣೆಯನ್ನು ನೆಲಕ್ಕೆ ಮುಟ್ಟಿಸಿ, ಎದ್ದು ನಿಂತು, ಮತ್ತೆ ಬೀಳುವ ನೂರಾರು ನಮಸ್ಕಾರಗಳಿಂದಲೂ ಅಸ್ಫಹಾ ತಮ್ಮ ಸವಾರರಿಗೆ ಪಾದ್ರಿಯ ಬಳಿ ವಿನಾಯಿತಿ ಕೇಳಿ ಪಡೆದಿದ್ದರು. ಉಪವಾಸಕ್ಕೆ ಮಾತ್ರ ಅಡ್ಡಿಯಿರಲಿಲ್ಲ. ಹಬ್ಬಕ್ಕೆ ಮುಂಚಿನ ಐವತ್ತೈದು ದಿನ ಹಾಲು, ಮೊಸರು, ಮೊಟ್ಟೆ, ಮಾಂಸ ಯಾವುದೂ ಇಲ್ಲದೆ ಬೇಳೆ ಹಿಟ್ಟಿನ ಸಾರಿನಲ್ಲಿ ಇಂಜೆರಾ ಎಂಬ ಹುಳಿ ದೋಸೆ ಅದ್ದಿ ತಿಂದು ತಂಡದವರು ದಿನಕ್ಕೆ ನೂರು ಕಿಲೋಮೀಟರು ತುಳಿಯುತ್ತಿದ್ದರು. ಉಪವಾಸ ಮೈ ಹಗುರ ಮಾಡುತ್ತದೆ, ಹಗುರಾದ ಮೈ ಬೆಟ್ಟ ಹತ್ತುತ್ತದೆ ಎಂಬುದು ಅಸ್ಫಹಾನವರ ಲೆಕ್ಕ.

ಈ ಹಟಕ್ಕೊಂದು ಮೂಲವಿತ್ತು. ಅವರಿಗೆ ಇಪ್ಪತ್ತಾರು ವರ್ಷವಾಗಿದ್ದಾಗ ತಾಯಿ ಹಾಸಿಗೆ ಹಿಡಿದಿದ್ದಳು. ಮಗ ಹರಕೆ ಹೊತ್ತು, ಶುಭ ಶುಕ್ರವಾರ ಮುನ್ನೂರು ನಮಸ್ಕಾರ ಹಾಕಿದ. ಅದುವರೆಗೆ ಹತ್ತು ಹಾಕಿದವನೂ ಅಲ್ಲ. ಸೋಮವಾರ ಆ ವರ್ಷದ ದೊಡ್ಡ ರೇಸು. ಏರಿನ ಕೊನೆಯ ತಿರುವಿನವರೆಗೂ ಎಲ್ಲರಿಗಿಂತ ಮುಂದಿದ್ದ ಅಸ್ಫಹಾನ ತೊಡೆಗಳು ಅಲ್ಲಿ ಮರದ ಕೊರಡಾದವು. ಒಂದು ಚಕ್ರದಷ್ಟು ಅಂತರದಲ್ಲಿ ಸೋಲು. ತಾಯಿ ಉಳಿದಳು, ಇನ್ನೂ ಹತ್ತೊಂಬತ್ತು ವರ್ಷ ಬದುಕಿದಳು, ತನ್ನ ಮಗ ಯಾಕೆ ಸೋತನೆಂದು ಅವಳಿಗೆ ಯಾರೂ ಹೇಳಲಿಲ್ಲ. ಅಸ್ಫಹಾ ಮಾತ್ರ ಆ ಸೋಮವಾರದಿಂದ ಒಂದು ನಿಯಮ ಮಾಡಿಕೊಂಡರು: ಪೆಡಲಿಗಲ್ಲದೆ ಬೇರೆ ಯಾವುದಕ್ಕೆ ಬಳಸಿದರೂ ಕಾಲು ಕೆಡುತ್ತದೆ. ರೂಢಿಯಿಲ್ಲದ ಸ್ನಾಯುವನ್ನು ಒಂದೇ ದಿನ ಮುನ್ನೂರು ಸಲ ದುಡಿಸಿದರೆ ಎರಡನೆಯ, ಮೂರನೆಯ ದಿನ ಅದು ಸೆಟೆದು ನೋಯುತ್ತದೆ; ದಿನಕ್ಕೆ ಇಪ್ಪತ್ತರಂತೆ ವರ್ಷವಿಡೀ ದುಡಿಸಿದ್ದರೆ ಏನೂ ಆಗುತ್ತಿರಲಿಲ್ಲ. ಇದನ್ನು ಅವರಿಗೆ ಹೇಳಿದವರು ಯಾರೂ ಇರಲಿಲ್ಲ. ಒಂದು ಶರೀರದ ಮೇಲೆ ಒಮ್ಮೆ ಮಾತ್ರ ನಡೆದ ಪ್ರಯೋಗದಿಂದ ಅವರು ನಿಯಮ ಬರೆದರು, ಅದನ್ನು ಇನ್ನೂರು ಶರೀರಗಳ ಮೇಲೆ ಹೇರಿದರು. ತಂಡ ಗೆಲ್ಲುತ್ತಲೇ ಇದ್ದುದರಿಂದ ನಿಯಮವೂ ಉಳಿಯಿತು.

ತಿರ್ಹಾಸ್ ಅವರ ತಂಗಿಯ ಮಗಳು. ಹದಿನೆಂಟಕ್ಕೆ ತಂಡ ಸೇರಿದವಳು, ಇಪ್ಪತ್ತಮೂರರ ಹೊತ್ತಿಗೆ ಏರುದಾರಿಯಲ್ಲಿ ಅವಳ ಹಿಂದಿನ ಚಕ್ರ ಹಿಡಿಯುವ ಹೆಣ್ಣು ದೇಶದಲ್ಲಿರಲಿಲ್ಲ. ಸೊರಗಿದ ಮುಖ, ಬಿಗಿಯಾಗಿ ಹೆಣೆದ ಜಡೆ, ಕಡಿಮೆ ಮಾತು. ದೆಕೆಮ್ಹಾರೆ ದಾರಿಯಲ್ಲಿ ಒಂದು ಕತ್ತೆ ಅಡ್ಡ ಬಂದು, ಅವಳು ಬಿದ್ದು ಮಣಿಕಟ್ಟು ಮುರಿದುಕೊಂಡಾಗ ಅವಳನ್ನು ಅಸ್ಫಹಾ ಆಸ್ಪತ್ರೆಗೆ ಕರೆತಂದರು. ಅಲ್ಲಿನ ಎಕ್ಸ್-ರೇ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದವನು ನಾನು. ಎರಡು ಹಂಗಾಮಿನಲ್ಲಿ ಆ ತಂಡದಿಂದ ಬಂದ ಐದನೆಯ ಮುರಿತ ಅದು. ಮೂಳೆಯ ಸತ್ವ ಮೂರರಲ್ಲಿ ಒಂದು ಭಾಗದಷ್ಟು ಕರಗುವವರೆಗೂ ನಮ್ಮ ಫಿಲ್ಮಿನಲ್ಲಿ ಅದು ಕಾಣುವುದಿಲ್ಲ. ತಿರ್ಹಾಸಳ ಫಿಲ್ಮಿನಲ್ಲಿ ಕಾಣುತ್ತಿತ್ತು.

ವೈದ್ಯರು ಇಬ್ಬರನ್ನೂ ಕೂರಿಸಿ ಬಿಡಿಸಿ ಹೇಳಿದರು. ಸೈಕಲ್ಲಿನಲ್ಲಿ ಮೈಭಾರವನ್ನು ಸೀಟು ಹೊರುತ್ತದೆ, ಮೂಳೆ ಹೊರುವುದಿಲ್ಲ. ಭಾರವನ್ನೂ ಪೆಟ್ಟನ್ನೂ ಕಾಣದ ಮೂಳೆ ತಾನು ಬೇಡವಾದೆನೆಂದು ತಿಳಿದು ತೆಳ್ಳಗಾಗುತ್ತದೆ. ಮಣಿಕಟ್ಟು ಕೂಡಿದ ಮೇಲೆ ದಿನವೂ ಅರ್ಧ ಗಂಟೆ ಬಿರುಸಾಗಿ ನಡೆಯಬೇಕು, ಹಗ್ಗ ಹಾರಬೇಕು, ಭಾರ ಎತ್ತಬೇಕು, ಉಪವಾಸದಲ್ಲೂ ಹಾಲು ಬಿಡಬಾರದು. ಅವಳು ತಲೆಯಾಡಿಸಿದಳು. ಅಸ್ಫಹಾ ನನ್ನನ್ನು ಮೊಗಸಾಲೆಗೆ ಕರೆದರು.

“ನೆರೆಯವನು ಅಂತ ಕೇಳ್ತೀನಿ. ಹೌದಾ ಇದೆಲ್ಲ?”

“ಹೌದು ಅಬೊಯ್,” ಎಂದೆ. ಹಿರಿಯರನ್ನು ನಾವು ತಂದೆಯೆಂದೇ ಕರೆಯುತ್ತೇವೆ. “ಮಣಿಕಟ್ಟು ಕೂಡುತ್ತೆ. ಮುಂದಿನ ಸಲ ಬಿದ್ರೆ ಸೊಂಟ.”

“ಎಷ್ಟು ದಿನ ಮಾಡ್ಬೇಕು ಈ ಹಾರಾಟ?”

“ದಿನದ ಮಾತಲ್ಲ. ವರ್ಷಗಳ ಮಾತು.”

“ದೇಶದ ತಂಡದ ಆಯ್ಕೆಗೆ ನಾಲ್ಕು ತಿಂಗಳಿದೆ,” ಎಂದರು ಅಸ್ಫಹಾ. ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಬಸ್ಸಿನ ವೇಳೆ ಹೇಳುವವರ ಹಾಗೆ ಹೇಳಿ, ಟಕ್ ಟಕ್ ಎಂದು ಸೈಕಲ್ಲಿನ ಕಡೆ ಹೋದರು.

ಮಣಿಕಟ್ಟಿನ ಪಟ್ಟಿ ಬಿಚ್ಚಿದ ಮೇಲೆ ತಿರ್ಹಾಸ್ ಮನೆಯ ತಾರಸಿಯ ಮೇಲೆ, ಒಣಹಾಕಿದ ಬಟ್ಟೆಗಳ ಮರೆಯಲ್ಲಿ, ಹಗ್ಗ ಹಾರತೊಡಗಿದಳು. ಮೊದಲು ಇಪ್ಪತ್ತು, ಆಮೇಲೆ ಐವತ್ತು. ಗುಟ್ಟು ಹದಿನೈದು ದಿನ ನಿಂತಿತು. ಪ್ರತಿ ಬೆಳಿಗ್ಗೆ ಸವಾರಿಗೆ ಮೊದಲು ಒಬ್ಬೊಬ್ಬರ ಮೀನಖಂಡವನ್ನೂ ಹೆಬ್ಬೆರಳಿನಿಂದ ಒತ್ತಿ ನೋಡುವುದು ಅಸ್ಫಹಾನವರ ಪದ್ಧತಿ; ಟೈರಿನ ಗಾಳಿಯಷ್ಟೇ ನಿಖರವಾಗಿ ಅವರಿಗೆ ಸ್ನಾಯುವಿನ ಹದ ತಿಳಿಯುತ್ತಿತ್ತು. ಅವಳ ಕಾಲಿನ ಮೇಲೆ ಬೆರಳು ನಿಂತಿತು.

“ಯಾವಾಗಿಂದ ಹಾರ್ತಿದೀಯ?”

“ಹದಿನೈದು ದಿನ ಆಯ್ತು, ಮಾಮ.”

“ನಾನಾ, ಹಗ್ಗನಾ? ಈಗಲೇ ಹೇಳು.”

“ನೀವು ಹೇಳಿದ್ದು ಕೇಳ್ಲಾ, ಡಾಕ್ಟರು ಹೇಳಿದ್ದು ಕೇಳ್ಲಾ ಮಾಮ? ನಂಗೊತ್ತಾಗ್ತಿಲ್ಲ.”

“ಬೆಟ್ಟನ ಕೇಳು,” ಎಂದರು ಅಸ್ಫಹಾ.

ಆ ವಾರವಿಡೀ ಅವಳನ್ನು ತಂಡದ ಹಿಂದೆ ಬರುವ ಕಾರಿನಲ್ಲಿ ಕೂರಿಸಿದರು. ತನ್ನ ಗೆಳತಿಯರು ಏರು ಹತ್ತುವುದನ್ನು ಗಾಜಿನ ಹಿಂದಿನಿಂದ ಏಳು ದಿನ ನೋಡಿದ ಮೇಲೆ ಅವಳೇ ಹಗ್ಗವನ್ನು ಸುತ್ತಿ ತಂದು ಮಾಮನ ಕೈಗೆ ಕೊಟ್ಟಳು. ಒಳ್ಳೆಯ ಹಗ್ಗ, ಕಾರಿನ ಮೇಲೆ ಬಿಡಿ ಚಕ್ರಗಳನ್ನು ಕಟ್ಟಲು ಬಳಕೆಗೆ ಬಂತು.

ಆಯ್ಕೆಯ ರೇಸಿನಲ್ಲಿ ಅವಳು ನಲವತ್ತು ಸೆಕೆಂಡುಗಳ ಅಂತರದಲ್ಲಿ ಗೆದ್ದಳು. ಸಂಜೆ ಅಸ್ಫಹಾ ನನ್ನ ಕಿಟಕಿಯ ಕೆಳಗೆ ಸೈಕಲ್ ನಿಲ್ಲಿಸಿ, ಇಳಿಯದೆ, “ಬೆಟ್ಟ ಹೇಳ್ತು ನೋಡು,” ಎಂದು ಹೋದರು. ಅಂದು ನನಗೂ ಒಂದು ಕ್ಷಣ ಅನುಮಾನ ಬಂತೆಂದು ಒಪ್ಪಿಕೊಳ್ಳಬೇಕು. ಗೆಲುವು ಕಣ್ಣಿಗೆ ಕಾಣುತ್ತದೆ, ಮೂಳೆ ಕಾಣುವುದಿಲ್ಲ.

ಹತ್ತೊಂಬತ್ತು ದಿನಗಳ ನಂತರ, ಅಂಚೆ ಕಚೇರಿಯ ಮುಂದೆ, ಒಂದು ಬಸ್ಸು ತಿರುಗಲೆಂದು ತಿರ್ಹಾಸ್ ಸೈಕಲ್ ನಿಲ್ಲಿಸಿದಳು. ಪೆಡಲಿಗೆ ಸಿಕ್ಕಿಸಿದ್ದ ಬೂಟು ಬಿಡಿಸಿಕೊಳ್ಳಲಿಲ್ಲ. ನಿಂತ ಸೈಕಲ್ಲಿನಿಂದ, ಒಂದಿಷ್ಟೂ ವೇಗವಿಲ್ಲದೆ, ಬಲಮಗ್ಗುಲಿಗೆ ಉರುಳಿದಳು. ನೋಡುತ್ತಿದ್ದವರು ನಕ್ಕರು, ಯಾಕೆಂದರೆ ಚಾಂಪಿಯನ್ ಹಾಗೆ ಬೀಳುವುದು ನಗುವಂಥದ್ದೇ. ಅವಳು ಏಳಲಿಲ್ಲ. ತೊಡೆಮೂಳೆ ಸೊಂಟದ ಕೀಲಿನ ಬಳಿ ಮುರಿದಿತ್ತು.

ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದಾಗ ಅಸ್ಫಹಾ ಪಕ್ಕದಲ್ಲಿದ್ದರು. ಕುರ್ಚಿ ಇತ್ತು, ಅವರು ಕೂರಲಿಲ್ಲ. ಬಹಳ ಹೊತ್ತು ನೋಡಿ, ಇದು ಯಾರೋ ಮುದುಕಿಯದು, ಅದಲುಬದಲಾಗಿರಬೇಕು ಎಂದರು. ನಾನು ಮೂಲೆಯಲ್ಲಿದ್ದ ಹೆಸರನ್ನು ತೋರಿಸಿದೆ. ಅವರು ಕನ್ನಡಕ ತೆಗೆದು ಕೋಟಿನ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡು, ಅದೇ ಹೆಸರನ್ನು ಓದಿದರು.

“ಆ ಹಗ್ಗ ನಾನು ಕಿತ್ಕೊಳ್ದೆ ಇದ್ದಿದ್ರೆ?”

ಸುಳ್ಳು ಹೇಳಬಹುದಿತ್ತು; ಅದು ದಯೆಯೇ ಆಗುತ್ತಿತ್ತು. ನನಗೆ ಬಂದದ್ದು ಲೆಕ್ಕ ಮಾತ್ರ. “ಆ ನಾಲ್ಕು ತಿಂಗಳಲ್ಲಿ ಹೆಚ್ಚೇನೂ ಆಗ್ತಿರ್ಲಿಲ್ಲ ಅಬೊಯ್. ಮೂಳೆ ಅಷ್ಟು ಬೇಗ ಗಟ್ಟಿಯಾಗಲ್ಲ. ಐದು ವರ್ಷದ ಹಿಂದೆ ಶುರು ಮಾಡಿದ್ದಿದ್ರೆ ಆಗ್ತಿತ್ತು.”

ಅವರು ನಿಧಾನವಾಗಿ ತಲೆಯಾಡಿಸಿದರು. “ಐದು ವರ್ಷದ ಹಿಂದೆ,” ಎಂದರು, “ಅವಳು ನನ್ನ ಹತ್ರ ಬಂದ್ಲು.”

ಮೂರು ತಿರುಪು ಹಾಕಿ ಮೂಳೆ ಕೂಡಿಸಿದರು. ತಿರ್ಹಾಸ್ ಎರಡು ಊರುಗೋಲಿನ ಮೇಲೆ ಮನೆಗೆ ಬಂದಳು. ಇನ್ನು ರೇಸಿನ ಮಾತಿಲ್ಲ ಎಂದು ಆಸ್ಪತ್ರೆಯ ಕಾಗದದಲ್ಲಿ ಬರೆದಿತ್ತು. ಅವಳು ಮಾಮನನ್ನು ಬೈದಿದ್ದರೆ ಅವರಿಗೆ ಹಗುರವಾಗುತ್ತಿತ್ತೇನೋ. ಅವಳ ತಾಯಿ ಕಾಫಿ ಕಾಯಿಸುತ್ತಿದ್ದಾಗ ಅವಳು ಒಂದೇ ಒಂದು ಸಲ ಕೇಳಿದಳಂತೆ, ಹೀಗಾಗುತ್ತೆ ಅಂತ ನಿಮಗೆ ಗೊತ್ತಿತ್ತಾ ಮಾಮ ಎಂದು. ಡಾಕ್ಟರು ಹೇಳಿದ್ದರು, ನಾನು ನಂಬಲಿಲ್ಲ ಎಂದರಂತೆ ಅಸ್ಫಹಾ. “ನಾನೂ ನಂಬ್ಲಿಲ್ಲ,” ಎಂದಳಂತೆ ಅವಳು.

ಆಮೇಲಿನದನ್ನು ಇಡೀ ಕೇರಿ ನೋಡಿತು. ಅಸ್ಫಹಾ ತಂಡದ ಕೆಲಸ ಬಿಟ್ಟರು. ಸೈಕಲ್ಲು ಗೋಡೆಯ ಮೇಲೆಯೇ ಉಳಿಯಿತು. ಮೂವತ್ತೊಂದು ವರ್ಷದ ತಮ್ಮ ಸವಾರರ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಆ ಎರವಲು ಕಾಲುಗಳಲ್ಲಿ, ದಿನಕ್ಕೆ ಎರಡು ಮೂರು ಮನೆಯಂತೆ ಊರು ಸುತ್ತತೊಡಗಿದರು. ಹೇಳಲು ಇದ್ದದ್ದು ಒಂದೇ ವಿಷಯ: ನಾನು ಕಲಿಸಿದ್ದು ತಪ್ಪು, ನಡೀರಿ, ಹಾರಿ, ಭಾರ ಹೊರಿ, ನಮಸ್ಕಾರ ಹಾಕಿ, ಈಗಲೂ ಹೊತ್ತು ಮೀರಿಲ್ಲ. ಮೊದಲ ದಿನಗಳಲ್ಲಿ ಒಂದು ಫರ್ಲಾಂಗಿಗೆ ಎರಡು ಸಲ ಗೋಡೆ ಹಿಡಿದು ನಿಲ್ಲುತ್ತಿದ್ದರು. ಬಿದ್ದಾರೆಂದು ನಾನು ಒಂದು ಮಧ್ಯಾಹ್ನ ಜೊತೆಗೆ ಹೋದೆ.

ಅಂದು ಹೋದದ್ದು ಹಬ್ತೆಮಿಕಾಯೆಲನ ಬಿಡಿಭಾಗಗಳ ಅಂಗಡಿಗೆ. ಆತ ಎರಡು ದಶಕಗಳ ಹಿಂದೆ ಅವರ ತಂಡದ ನಾಯಕ, ಈಗ ಐವತ್ತರ ಹತ್ತಿರ. ಮುರಿದು ಕೂಡಿದ ಕೊರಳೆಲುಬು ಅಂಗಿಯ ಕೆಳಗೆ ಗಂಟಿನಂತೆ ಕಾಣುತ್ತಿತ್ತು. ಗುರು ನಡೆದು ಬಂದದ್ದನ್ನು ಕಂಡು ಅವನು ಗಾಬರಿಯಾಗಿ ಎದ್ದು ಸ್ಟೂಲು ಒರೆಸಿ ಮುಂದಿಟ್ಟ. ಅಸ್ಫಹಾ ನಿಂತೇ, ಹೇಳಬೇಕಾದುದನ್ನೆಲ್ಲ ಹೇಳಿದರು. ತಿರ್ಹಾಸಳ ಫಿಲ್ಮಿನ ಬಗ್ಗೆ ಹೇಳಿದರು. ಮುನ್ನೂರು ನಮಸ್ಕಾರದ ಬಗ್ಗೆಯೂ ಹೇಳಿದರು. ಅದನ್ನು ಅವರು ಹಿಂದೆ ಯಾವ ಸವಾರನಿಗೂ ಹೇಳಿದವರಲ್ಲ. ಹಬ್ತೆಮಿಕಾಯೆಲ್ ತಲೆತಗ್ಗಿಸಿ ಭಕ್ತಿಯಿಂದ ಕೇಳಿದ. ಮುಗಿದ ಮೇಲೆ ಅವನ ಮುಖದ ಮೇಲೆ ಸಣ್ಣದಾಗಿ ನಗು ಹಬ್ಬಿತು.

“ನನ್ನ ಪರೀಕ್ಷೆ ಮಾಡೋಕೆ ಬಂದ್ರಾ, ಅಬೊಯ್?” ಎಂದ. “ನಾನು ಇವತ್ತಿಗೂ ನಿಮ್ಮವನೇ. ಸಂತೆಗೂ ನಡ್ಕೊಂಡು ಹೋಗಲ್ಲ. ನನ್ನ ಮಕ್ಕಳಿಗೂ ಬಿಟ್ಟಿಲ್ಲ.”

ಅಸ್ಫಹಾ ಅವನ ಭುಜ ಹಿಡಿದು ಮತ್ತೆ ಮೊದಲಿನಿಂದ ಶುರು ಮಾಡಿದರು. ಅವನು ಮತ್ತೆ ನಕ್ಕ.

ಇಂಥವರನ್ನು ನಾನು ಬೇರೆ ಕಸುಬುಗಳಲ್ಲೂ ಕಂಡಿದ್ದೇನೆ. ಅವರು ಕೆಟ್ಟವರಲ್ಲ, ಸೋಮಾರಿಗಳಲ್ಲ, ತಮಗೊಂದು ನ್ಯಾಯ ಇತರರಿಗೊಂದು ನ್ಯಾಯ ಎನ್ನುವವರೂ ಅಲ್ಲ. ತಮ್ಮ ಒಂದು ನೋವಿನಿಂದ ಲೋಕಕ್ಕೆಲ್ಲ ಸಲ್ಲುವ ಸತ್ಯವನ್ನು ಕಡೆದು ತೆಗೆದೆವೆಂದು ನಂಬಿ, ಅದನ್ನು ತಮ್ಮವರಿಗೆ ಅನ್ನದಂತೆ ಬಡಿಸುತ್ತಾರೆ. ಬಡಿಸುವ ಕೈಯಲ್ಲಿ ಪ್ರೀತಿಯೂ ಇರುವುದರಿಂದ ತಿನ್ನುವವರು ರುಚಿ ಕೇಳುವುದಿಲ್ಲ. ತಪ್ಪೆಂದು ತಿಳಿಯುವ ದಿನ ಬಂದಾಗ ಅವರಲ್ಲಿ ಕೆಲವರಿಗೆ, ಬಹಳ ಕೆಲವರಿಗೆ, ಬಾಯಿಬಿಟ್ಟು ಹೇಳುವ ಎದೆಯೂ ಇರುತ್ತದೆ. ಅಷ್ಟು ಹೊತ್ತಿಗೆ ಆ ಮಾತು ಅವರದಾಗಿ ಉಳಿದಿರುವುದಿಲ್ಲ. ಹಿಂದಕ್ಕೆ ಪಡೆಯಲೆಂದು ಅವರು ತಟ್ಟುವ ಒಂದೊಂದು ಬಾಗಿಲನ್ನೂ ತೆರೆಯುವವರು ಅಂದಿನ ಅವರೇ, ಇಪ್ಪತ್ತು ವರ್ಷ ಚಿಕ್ಕವರು, ಯಾವ ಅನುಮಾನವೂ ಇಲ್ಲದವರು.